ಟ್ಯಾಂಕಿನ ಬೆನ್ನಿಗೊಂದು ಫೋನು

ಕಾರ್ಖಾನೆಯ ಕ್ವಾರ್ಟರ್ಸ್
ಭಾನುವಾರ, ಮಾರ್ಚ್ ೧೪

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕೆಮ್ಮು ಬಿಟ್ಟಿತಾ? ಹೋದ ಕಾಗದದಲ್ಲಿ ನೀನು "ಸ್ವಲ್ಪ ಕೆಮ್ಮು" ಅಂತ ಬರೆದಿದ್ದೆ. ನಿನ್ನ ಸ್ವಲ್ಪ ಎಷ್ಟು ಅಂತ ನನಗೆ ಗೊತ್ತಿಲ್ಲವೇ? ಮರದಿಂದ ಬಿದ್ದು ಕೈ ಮುರಿದುಕೊಂಡಾಗಲೂ "ಸ್ವಲ್ಪ ನೋವು" ಅಂದವನು ನೀನು. ಬಿಸಿನೀರು ಕುಡಿ. ಅಮ್ಮ ಕಳಿಸಿದ ಮಫ್ಲರನ್ನು ಕುತ್ತಿಗೆಗೆ ಸುತ್ತಿಕೋ, ಅದರಲ್ಲಿ ಬಂದೂಕು ಒರೆಸಬೇಡ. ಅಮ್ಮನಿಗೆ ಮಂಡಿನೋವು ಇದ್ದದ್ದೇ, ಬಾಯಿಗೆ ಮಾತ್ರ ಏನೂ ಆಗಿಲ್ಲ. ನನ್ನ ಕೆಲಸದ ವಿಷಯ ಯಾರಿಗೂ ಹೇಳಬೇಡ ಅಂದಿದ್ದಕ್ಕೆ "ನಮ್ಮ ಹುಡುಗಿ ನೀರಿನ ಟ್ಯಾಂಕ್ ಮಾಡ್ತಾಳೆ" ಅಂತ ಬೀದಿಗೆಲ್ಲ ಸಾರಿಬಿಟ್ಟಿದ್ದಾಳೆ. ಈಗ ಅಕ್ಕಪಕ್ಕದವರು ನಮ್ಮ ಟ್ಯಾಂಕ್ ಸೋರುತ್ತೆ, ಸ್ವಲ್ಪ ನೋಡು ಬಾ ಅಂತ ಕರೆಯುತ್ತಾರೆ!

ನಮ್ಮ ಗಾಡಿಯ ಸುದ್ದಿಗೆ ಬರುತ್ತೇನೆ. ಭಾರದ ಟ್ಯಾಂಕುಗಳು ಬೆಟ್ಟದ ಬುಡದ ಸೇತುವೆಯ ಹತ್ತಿರವೇ ನಿಂತುಬಿಡುತ್ತವೆ, ಮೇಲಕ್ಕೆ ನಿಮ್ಮಂಥ ಕಾಲಾಳುಗಳು ಬರಿ ಎದೆ ಕೊಟ್ಟು ಹತ್ತಬೇಕು. ಆ ಸೇತುವೆ ತಡೆಯುವಷ್ಟು ಹಗುರವಾಗಿರಬೇಕು, ನಿಮ್ಮ ನಡಿಗೆಗೆ ಹೊಂದಿಕೊಂಡು ಬರಬೇಕು, ಎದುರಿನಿಂದ ಗುಂಡು ಬಂದರೆ ಉತ್ತರ ಕೊಡಬೇಕು. ಅಂಥದ್ದೊಂದು ಟ್ಯಾಂಕನ್ನು ಮಾಡಿ ಅಂತ ನಮಗೆ ಹೇಳಿದ್ದಾರೆ. ನಮ್ಮ ಮುಖ್ಯ ಎಂಜಿನಿಯರಿಗೆ ನಾವಿಟ್ಟ ಹೆಸರು ತಕ್ಕಡಿ. ಮೊಳೆ ತೋರಿಸಿದರೂ "ಎಷ್ಟು ಗ್ರಾಂ?" ಅನ್ನುತ್ತಾರೆ. ಪರೀಕ್ಷೆಗೆ ಗಾಡಿ ಓಡಿಸುವ ಗುಂಡಣ್ಣ ಮೂವರ ಜಾಗ ಹಿಡಿಯುವ ಆಳು. "ಹಗುರ ಮಾಡಬೇಕಾದರೆ ಮೊದಲು ನನ್ನನ್ನೇ ಇಳಿಸಿ ಸಾರ್" ಅಂತ ಅವನೇ ನಗಿಸುತ್ತಾನೆ.

ಆದರೆ ಚಳಿಗಾಲದ ಪರೀಕ್ಷೆಯಲ್ಲಿ ಯಾರೂ ನಗಲಿಲ್ಲ. ಮೈದಾನದ ತುಂಬ ಹೊಗೆ ಬಿಟ್ಟಿದ್ದರು. ಗಾಡಿಯ ಹಿಂದೆ ಕಾಲಾಳುಗಳು ಮರೆಯಾಗಿ ನಡೆಯುತ್ತಿದ್ದರು. ಮುಂದೆ ಹಳ್ಳ ಕಂಡಿತು ಅಂತ ಗುಂಡಣ್ಣ ಗಾಡಿಯನ್ನು ಹಿಂದಕ್ಕೆ ತೆಗೆದ. ಎಡವಿ ಬಿದ್ದಿದ್ದ ಒಬ್ಬ ಉದ್ದನೆಯ ಸೈನಿಕ ಗಾಡಿಯ ಚಕ್ರಗಳ ಸುತ್ತಿನ ಕಬ್ಬಿಣದ ಪಟ್ಟಿಗೆ ಸಿಕ್ಕಿದ. ಉಳಿದವರು ಬಂದೂಕಿನ ಹಿಂಬದಿಯಿಂದ ಗಾಡಿಯ ಮೈ ಬಡಿದರು, ಗಂಟಲು ಹರಿಯುವಂತೆ ಕೂಗಿದರು. ಒಳಗೆ ಎಂಜಿನ್ನಿನ ಸದ್ದಿನಲ್ಲಿ ಏನು ಕೇಳೀತು? ನಾನು ದೂರದಿಂದ ಕೆಂಪು ಬಾವುಟ ಬೀಸಿಕೊಂಡು ಓಡಿದ ಮೇಲೆ ಗಾಡಿ ನಿಂತಿತು. ಅವನ ಜೀವ ಉಳಿಯಿತು, ಪಾದ ಮಾತ್ರ ನುಜ್ಜಾಯಿತು. ಗುಂಡಣ್ಣ ಗಾಡಿಯಿಂದ ಇಳಿದು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

ಆಸ್ಪತ್ರೆಗೆ ಹೋದಾಗ ಆ ಹುಡುಗ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ಗೋಡೆ ಜೊತೆ ಮಾತಾಡಿದ ಹಾಗಾಯ್ತು ಅಕ್ಕಾ. ನಮ್ಮನ್ನ ಕಾಯೋಕೆ ಬಂದಿರೋದಕ್ಕೆ ನಮ್ಮ ಕೂಗೇ ಕೇಳಿಸಲ್ವಲ್ಲ" ಅಂದ. ಅವನು ಅಕ್ಕಾ ಅಂದಾಗ ನನಗೆ ನಿನ್ನ ದನಿಯೇ ಕೇಳಿದಂತಾಯಿತು ಕಣೋ. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಒಂದಿಷ್ಟು ಅತ್ತೆ. ಆಮೇಲೆ ಮುಖ ತೊಳೆದು ನೇರ ತಕ್ಕಡಿಯ ಕೋಣೆಗೆ ಹೋದೆ. ಗಾಡಿಯ ಹಿಂಬದಿಗೆ ಒಂದು ಫೋನು ಬೇಕು, ಹೊರಗಿನವನು ಎತ್ತಿ ಮಾತಾಡಿದರೆ ಒಳಗಿನವರ ಕಿವಿಗೇ ಬೀಳಬೇಕು ಅಂದೆ. "ಮೂಗಿಗಿಂತ ಮೂಗುತಿ ಭಾರ ಆಯ್ತಮ್ಮ" ಅಂದರು. ಪೆಟ್ಟಿಗೆಯ ತೂಕ, ತಂತಿಗೆ ಕೊರೆಯುವ ತೂತು, ಕೆಟ್ಟರೆ ರಿಪೇರಿ, ಎಲ್ಲದಕ್ಕೂ ತಕರಾರು. ತಪ್ಪು ಬಿದ್ದವನದು ಅಂತ ವರದಿ ಬರೆದು ಮುಗಿಸೋಣ ಅಂತಲೂ ಯಾರೋ ಅಂದರು. ನಾನು ಸಹಿ ಹಾಕುವುದಿಲ್ಲ ಅಂದೆ. ನನ್ನ ಹಟ ನಿನಗೆ ಗೊತ್ತಲ್ಲ. ತೂಕ ಹೆಚ್ಚದಿದ್ದರೆ ಮಾಡು ಅಂತ ಕೊನೆಗೆ ತಕ್ಕಡಿ ಒಪ್ಪಿದರು.

ತೂಕ ಹೊಂದಿಸಲು ನಾನೇ ಇಷ್ಟಪಟ್ಟು ನಕ್ಷೆಯಲ್ಲಿ ಬರೆದಿದ್ದ ಸಾಮಾನಿನ ಪೆಟ್ಟಿಗೆಯನ್ನು ಕಿತ್ತುಹಾಕಿದೆ. ಮೊದಲ ಫೋನಿಗೆ ಕೆಸರು ತುಂಬಿ ಅದು ಮೂಕವಾಯಿತು. ಎರಡನೆಯದು ಹೊಗೆ ಕೊಳವೆಯ ಪಕ್ಕದಲ್ಲಿತ್ತು, ಮುಟ್ಟಿದವನ ಅಂಗೈ ಸುಟ್ಟಿತು. ಫೋನಿನ ಪೆಟ್ಟಿಗೆಯನ್ನು ಎಡ ಮೂಲೆಗೆ ಸರಿಸಿದೆ, ಬಾಗಿಲಿಗೆ ರಬ್ಬರಿನ ಅಂಚು ಕೊಟ್ಟೆ, ದಪ್ಪ ಕೈಗವಸು ಹಾಕಿಕೊಂಡೇ ತೆರೆದು ನೋಡಿದೆ. ಮೊನ್ನೆ ಮತ್ತೆ ಅದೇ ಮೈದಾನ, ಅದೇ ಹೊಗೆ. ಈ ಸಲ ಗುಂಡಣ್ಣ ಗೇರು ಹಾಕುವಷ್ಟರಲ್ಲಿ ಹಿಂದಿನಿಂದ ಒಬ್ಬ ಫೋನೆತ್ತಿ, "ಅಣ್ಣಾ ನಿಲ್ಸು, ಹಿಂದೆ ನಮ್ಮವನಿದ್ದಾನೆ" ಅಂದ. ಗಾಡಿ ಹಾಗೇ ನಿಂತಿತು. ದೂರದಲ್ಲಿದ್ದ ನಮಗೂ ವೈರ್‌ಲೆಸ್ಸಿನಲ್ಲಿ ಅದು ಕೇಳಿಸಿತು. ತಕ್ಕಡಿ ಕನ್ನಡಕ ತೆಗೆದು ಒರೆಸಿಕೊಂಡರು. ಎಷ್ಟು ಗ್ರಾಂ ಅಂತ ಕೇಳಲೇ ಇಲ್ಲ.

ಇನ್ನೂ ಕೆಲಸ ಬೇಕಾದಷ್ಟಿದೆ. ಏರಿನಲ್ಲಿ ಎಂಜಿನ್ ಕಾಯುತ್ತದೆ, ಒಂದು ಕಡೆಯ ಸ್ಪ್ರಿಂಗು ಕಿರುಗುಟ್ಟುತ್ತದೆ. ಮಾಡುತ್ತೇವೆ. ಹಿಡಿದದ್ದನ್ನು ಬಿಡುವ ಜಾಯಮಾನ ನಮ್ಮ ಮನೆಯಲ್ಲಿ ಯಾರಿಗಿದೆ ಹೇಳು?

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಗಾರರಿಗೆಲ್ಲ ಈ ಅಕ್ಕ ಕೇಳಿದಳು ಅಂತ ಹೇಳು. ಅಮ್ಮನ ಹರಕೆ ನಿನ್ನ ತಲೆ ಕಾಯಲಿ.

ನಿನ್ನ ಅಕ್ಕ

ವಿ.ಸೂ.: ಲಕೋಟೆ ಅಂಟಿಸುವ ಮುನ್ನ ಅವಸರದಲ್ಲಿ ಬರೆಯುತ್ತಿದ್ದೇನೆ. ಮೊದಲ ಎರಡು ಗಾಡಿಗಳು ನಿಮ್ಮ ತುಕಡಿಗೇ ಬರುತ್ತಿವೆ. ಗಾಡಿ ಬಂತೆಂದರೆ ನಿಮ್ಮನ್ನೇ ಮುಂದಕ್ಕೆ ಕಳಿಸುತ್ತಾರೆ, ಅದು ನನಗೂ ಗೊತ್ತು. ತಕ್ಕಡಿ ನನ್ನನ್ನು ಒಬ್ಬಳನ್ನೇ ಕರೆದು, "ನಿನ್ನ ತಮ್ಮ ಅಲ್ಲಿದ್ದಾನಲ್ಲ, ಗಾಡಿಗಳನ್ನು ಬೇರೆ ತುಕಡಿಗೆ ಬರೆಯಲಾ?" ಅಂದರು. ಬೇಡ ಅಂದೆ. ಬೇರೆಯವರ ತಮ್ಮಂದಿರನ್ನು ಕಳಿಸಬಹುದಾದ ಗಾಡಿಯ ಹಿಂದೆ ನನ್ನ ತಮ್ಮನನ್ನು ಕಳಿಸಲಾರೆ ಅಂದರೆ ನಾನು ಮಾಡಿದ್ದಾದರೂ ಏನನ್ನು? ಅಮ್ಮನಿಗೆ ಇದನ್ನು ಹೇಳಿಲ್ಲ, ನೀನೂ ಹೇಳಬೇಡ. ರಿಪೇರಿ ನೋಡಿಕೊಳ್ಳಲು ಗಾಡಿಯ ಜೊತೆ ನಾನೂ ಬರುತ್ತಿದ್ದೇನೆ. ಬೈಯುವುದಿದ್ದರೆ ಅಲ್ಲೇ, ಎದುರಿಗೇ ಬೈ.