ಹೊಳೆ ತುಂಬಿದ ಮೂರು ಭಾನುವಾರ

ಹೊಳೆನರಸೀಪುರ ತಾಲ್ಲೂಕು, ಸೆಪ್ಟೆಂಬರ್ ೧೯೬೨

ಪೇಟೆಯ ಚರ್ಚಿನ ವಿಚಾರಣಾ ಗುರುಗಳೂ ಶಾಲೆಯ ಮ್ಯಾನೇಜರರೂ ಆಗಿರುವ ಮಾನ್ಯ ಸ್ವಾಮಿಗಳೇ,

ಕಳೆದ ಸೋಮವಾರ ನೀವು ನನ್ನ ಅಕ್ಕನ ಮಗಳು ಲೂರ್ದಮ್ಮನ ಹೆಸರನ್ನು ಏಳನೇ ತರಗತಿಯ ಹಾಜರಿ ಪುಸ್ತಕದಿಂದ ಹೊಡೆದುಹಾಕಿದಿರಿ. ಅವಳ ಅಪರಾಧ ಇಷ್ಟೇ: ಭಾನುವಾರದ ಚೀಟಿಯಲ್ಲಿ ಸಾಲಾಗಿ ಮೂರು ಮನೆ ಖಾಲಿ. ಪೂಜೆ ಮುಗಿದ ಮೇಲೆ ದೇವಾಲಯದ ಬಾಗಿಲಲ್ಲಿ ಪ್ರತಿ ಮಗುವೂ ಚೀಟಿಗೆ ಮುದ್ರೆ ಒತ್ತಿಸಿಕೊಳ್ಳಬೇಕು, ಮೂರು ಸಲ ತಪ್ಪಿದರೆ ಶಾಲೆ ಬಿಡಬೇಕು ಎಂಬುದು ನಿಮ್ಮ ಕಾನೂನು. ಬೆಟ್ಟದ ಮೇಲೆ ದೇವರು ಕೊಟ್ಟಿದ್ದು ಹತ್ತು ಕಟ್ಟಳೆ. ಈ ಹನ್ನೊಂದನೆಯದನ್ನು ನೀವು ಯಾವ ಬೆಟ್ಟ ಹತ್ತಿ ತಂದಿರಿ?

ಆ ಮೂರು ಭಾನುವಾರ ಹೇಮಾವತಿ ತುಂಬಿ ಹರಿಯುತ್ತಿತ್ತು. ನಿಮ್ಮ ಪೇಟೆ ಆಚೆ ದಡ, ನಮ್ಮ ಹಟ್ಟಿ ಈಚೆ ದಡ. ನಡುವೆ ಇರುವುದು ಚಲುವಯ್ಯನ ಹರಿಗೋಲು ಒಂದೇ. ಅದನ್ನು ಅವನು ದಡಕ್ಕೆ ಎಳೆದು ಮಗುಚಿ ಹಾಕಿದ್ದ. ಅಷ್ಟು ದಿನ ಹುಡುಗಿ ಪಾಠಕ್ಕೂ ಬರಲಿಲ್ಲ. ನಿಮ್ಮ ಶಾಲೆಯ ಲೆಕ್ಕದ ಮೇಷ್ಟ್ರು ಗಂಗಾಧರಯ್ಯನವರು ಲಿಂಗ ಕಟ್ಟಿದವರು, ನಿಮ್ಮ ಪೂಜೆಗೆ ಬರುವವರಲ್ಲ. ಹೊಳೆ ಇಳಿದ ಮೇಲೆ ಅವರು ನಾಲ್ಕು ಸಂಜೆ ಅವಳನ್ನು ಕೂರಿಸಿಕೊಂಡು ತಪ್ಪಿದ ಲೆಕ್ಕವನ್ನೆಲ್ಲ ಹೇಳಿಕೊಟ್ಟರು. ನೆರೆಯೆಂದರೆ ಏನೆಂದು ಅವರಿಗೆ ಗೊತ್ತಾಯಿತು, ನಿಮಗೆ ಗೊತ್ತಾಗಲಿಲ್ಲ. ಪೇಟೆಯ ಜವಳಿ ಅಂಗಡಿಯವರ ಮಗಳು ಬೆಂಗಳೂರಿನ ಮದುವೆಗೆ ಹೋದಾಗ ಅವಳ ಖಾಲಿ ಮನೆಯಲ್ಲಿ 'ರಜೆ' ಎಂದು ನೀವೇ ಬರೆದುಕೊಟ್ಟಿರಲ್ಲ? ಮದುವೆಗೆ ರಜೆಯುಂಟು, ಮಹಾಪೂರಕ್ಕೆ ಇಲ್ಲ!

ನನ್ನ ಅಕ್ಕ ಮದಲೇನಮ್ಮ (ಹಟ್ಟಿಯ ಬಾಯಲ್ಲಿ ಮಾದಮ್ಮ) ಚೀಟಿ ಹಿಡಿದು ನಿಮ್ಮ ಮುಂದೆ ನಿಂತಳು. "ಒಳೆ ಬಂದಿತ್ತು ಸ್ವಾಮಿ, ಅರಿಗೋಲು ಬುಡ್ನಿಲ್ಲ," ಎಂದಳು. ಮನೆಯಲ್ಲಿ ಭಕ್ತಿಯಿಲ್ಲದ ಮಕ್ಕಳಿಗೆ ದೇವರ ಶಾಲೆಯಲ್ಲಿ ಜಾಗವಿಲ್ಲ ಎಂದು ಹೇಳಿ ನೀವು ಒಳಗೆ ಹೋದಿರಿ. ಅವಳು ಚೀಟಿ ಮಡಚಿಕೊಂಡು ಹಟ್ಟಿಗೆ ಬಂದಳು. ಅವಳ ಬಾಕಿ ಮಾತನ್ನು ಈ ಬಹಿರಂಗ ಪತ್ರದಲ್ಲಿ ನಾನು ಆಡುತ್ತಿದ್ದೇನೆ, ನಾಲ್ಕು ಜನರ ಎದುರಿಗೆ.

ಮನೆಯ ಭಕ್ತಿಯ ವಿಚಾರ ಕೇಳಿ. ಅಕ್ಕನಿಗೆ ಓದು ಬರದು. ಆದರೆ ನಮ್ಮ ಹನ್ನೊಂದು ಮನೆಯ ಮಕ್ಕಳಿಗೆ ಪರಲೋಕಮಂತ್ರ, ನಮೋ ಮರಿಯೇ ಜಪಗಳನ್ನು ಕಲಿಸಿದವಳು ಅವಳು. ರಾಗಿ ಬೀಸುತ್ತಾ ಹೇಳಿಕೊಡುತ್ತಾಳೆ. ತಪ್ಪಿದರೆ ಕಲ್ಲು ನಿಲ್ಲುತ್ತದೆ, ಸರಿಯಾದರೆ ಮತ್ತೆ ತಿರುಗುತ್ತದೆ. ನಿಮ್ಮ ಜ್ಞಾನೋಪದೇಶದ ತರಗತಿಗೆ ನಮ್ಮ ಮಕ್ಕಳು ಬರುವ ಹೊತ್ತಿಗೆ ಅರ್ಧ ಪುಸ್ತಕ ಬಾಯಿಪಾಠವಾಗಿರುತ್ತದೆ. ಅದಕ್ಕೆ ನೀವು ಎಷ್ಟು ಮುದ್ರೆ ಒತ್ತಿದ್ದೀರಿ?

ಆ ಮೂರನೆಯ ಭಾನುವಾರ ಬೆಳಿಗ್ಗೆ, ನೀವು ಆಚೆ ದಡದಲ್ಲಿ ಪೂಜೆಗೆ ಗಂಟೆ ಹೊಡೆಸುತ್ತಿದ್ದಾಗ, ಈಚೆ ದಡದಲ್ಲಿ ಹುಚ್ಚಯ್ಯಜ್ಜ ಸಾಯುತ್ತಿದ್ದ. ನಿಮ್ಮ ದೇವಾಲಯದ ಗೋಡೆಗೆ ಕಲ್ಲು ಹೊತ್ತವನು. ಕೊನೆಯ ಜಪಕ್ಕೆ ಗುರುಗಳು ಬಂದರೇ ಎಂದು ಎರಡು ಸಲ ಕೇಳಿದ. ಅಕ್ಕ ಅವನ ಕಿವಿಯ ಹತ್ತಿರ ಬಗ್ಗಿ, "ಒಳೆ ತುಂಬೈತೆ ಕಣಜ್ಜ. ನಮ್ಮ ಲೂರ್ದು ಪುಸ್ತಕ ತಂದವ್ಳೆ, ಕೇಳ್ಕೊ," ಎಂದಳು.

ಹುಡುಗಿ ಪುಸ್ತಕ ಬಿಚ್ಚಿದಳು. ಸಾಯುವವರಿಗಾಗಿ ಓದುವ ಜಪವನ್ನು ಗಡಬಡಿಸಿ ಶುರುಮಾಡಿದಳು. ಮುದುಕ ಕಣ್ಣು ಬಿಟ್ಟು ಹೇಳಿದ: "ವಸಿ ನಿಧಾನ್ಕೋದು ಮಗ. ನಂಗೇನ್ ಅವಸ್ರ ಇಲ್ಲ."

ಅವಳು ನಿಧಾನವಾಗಿ ಓದಿದಳು. ಹಟ್ಟಿಯವರೆಲ್ಲ ಮೊಣಕಾಲೂರಿ ಉತ್ತರ ಕೊಟ್ಟೆವು. ಜಪ ಮುಗಿಯುವ ಮೊದಲೇ ಅಜ್ಜ ಹೋದ. ಆಮೇಲೂ ಅವಳು ನಿಲ್ಲಿಸಲಿಲ್ಲ, ಕೊನೆಯ ಸಾಲಿನವರೆಗೂ ಓದಿದಳು. ಅಷ್ಟು ಸ್ಪಷ್ಟವಾಗಿ ಓದಲು ಕಲಿಸಿದ್ದು ನಿಮ್ಮದೇ ಶಾಲೆ. ನಿಮ್ಮ ಶಾಲೆ ಇರುವುದೇ ಯಾತಕ್ಕೆ ಎಂದು ಯಾರಾದರೂ ಕೇಳಿದ್ದರೆ ಆ ಗುಡಿಸಲನ್ನು ತೋರಿಸಬಹುದಿತ್ತು.

ನೆರೆ ಇಳಿದ ಮೇಲೆ ಅಕ್ಕ ಬಂದು ನಿಮಗೆ ಎಲ್ಲವನ್ನೂ ವರದಿ ಮಾಡಿದಳು. ನೀವು ಮರಣದ ಪುಸ್ತಕದಲ್ಲಿ ಬರೆದುಕೊಂಡಿರಿ: 'ಪ್ರಾರ್ಥನೆಯ ನಡುವೆ ಪ್ರಾಣ ಬಿಟ್ಟರು.' ಯಾರ ಪ್ರಾರ್ಥನೆ, ಸ್ವಾಮಿ? ಒಂದು ಪುಸ್ತಕದಲ್ಲಿ ಆ ಹುಡುಗಿಯ ಜಪವನ್ನು ದೇವರ ಮುಂದೆ ಸಾಕ್ಷಿಯಾಗಿ ಇಟ್ಟ ಕೈಯೇ, ಇನ್ನೊಂದು ಪುಸ್ತಕದಲ್ಲಿ ಅದೇ ಭಾನುವಾರಕ್ಕಾಗಿ ಅವಳ ಹೆಸರನ್ನು ಹೊಡೆಯಿತಲ್ಲ?

ಇದು ನಂಬಿಕೆ ಬಿಟ್ಟವನ ಕೂಗಾಟವೆಂದು ತಳ್ಳಿಬಿಡಬೇಡಿ. ಗೇಣಿದಾರರ ಸಭೆಗಳಲ್ಲಿ ಕೂಗಿ ನನ್ನ ಗಂಟಲು ಒಡೆದಿರುವುದು ನಿಜ. ಆದರೆ ನಾನು ಅಕ್ಷರ ತಿದ್ದಿದ್ದು ನಿಮ್ಮ ಶಾಲೆಯಲ್ಲೇ, ಜಪಸರ ಇವತ್ತಿಗೂ ನನ್ನ ಜೇಬಿನಲ್ಲಿದೆ. ಈಚೆ ದಡದ ಸರ್ಕಾರಿ ಶಾಲೆ ನಾಲ್ಕನೇ ತರಗತಿಗೆ ಮುಗಿಯುತ್ತದೆ. ಲೂರ್ದಮ್ಮ ಈಗ ಗೌಡರ ಹೊಲದಲ್ಲಿ ಕಳೆ ಕೀಳುತ್ತಿದ್ದಾಳೆ. ಮಾರ್ಚಿನಲ್ಲಿ ಪರೀಕ್ಷೆ. ಇನ್ನೊಂದು ತಿಂಗಳು ಹೀಗೇ ಕಳೆದರೆ ಅವಳ ಓದು ಅಲ್ಲಿಗೇ ಮುಗಿಯಿತು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಬರುವ ಸೋಮವಾರ ಅವಳ ಹೆಸರನ್ನು ಮತ್ತೆ ಬರೆಯಿರಿ. ಆ ಮೂರು ಖಾಲಿ ಮನೆಗಳಿಗೂ ನಿಮ್ಮ ಕೈಯಾರೆ ಮುದ್ರೆ ಒತ್ತಿ. ಒತ್ತಲಾರಿರಾದರೆ ಇನ್ನೊಂದು ಚೀಟಿ ಮಾಡಿಸಿ, ನಿಮ್ಮ ಹೆಸರಿನಲ್ಲಿ. ಅದೇ ಮೂರು ಭಾನುವಾರ ನೀವೂ ನಮ್ಮ ಹಟ್ಟಿಗೆ ಬರಲಿಲ್ಲ. ಹೊಳೆ ತುಂಬಿತ್ತೆಂದು ನಾವು ಕ್ಷಮಿಸಿದೆವು.

ಇಂತಿ,
ಹೊಳೆ ತುಂಬಿದಾಗ ಭಕ್ತಿಹೀನನಾಗಿ, ಇಳಿದಾಗ ಮತ್ತೆ ಕ್ರೈಸ್ತನಾಗುವ ಈಚೆ ದಡದವನು,
ಚೌರಪ್ಪ