ತಮ್ಮ ಕಳಿಸಿದ ಅತಿಥಿ

ಹೊಲಿಗೆ ಅಂಗಡಿ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಪರದೇಶದ ಚಳಿಗೆ ಎದೆ ಕಟ್ಟಿಕೊಂಡಿಲ್ಲ ತಾನೇ? ದೊಡ್ಡ ದೊಡ್ಡ ಡಾಕ್ಟರುಗಳ ಮುಂದೆ ಭಾಷಣ ಮಾಡುವ ಭರದಲ್ಲಿ ಊಟ ಮರೆಯಬೇಡ. ನನ್ನ ಮಂಡಿನೋವು ಹಾಗೇ ಇದೆ. ಮಿಷನ್ ತುಳಿಯುವುದಕ್ಕೆ ಅಡ್ಡಿಯಿಲ್ಲ.

ಈಗ ನಿನ್ನ ಅತಿಥಿಯ ವಿಷಯ. ರೋಗಿ ಅನ್ನಬೇಡ, ಅತಿಥಿ ಅನ್ನು ಎಂದು ತಾಕೀತು ಮಾಡಿ ಹೋಗಿದ್ದೀಯಲ್ಲ, ಹಾಗೇ ಬರೆದಿದ್ದೇನೆ. ನಾನು ಕರೆಯುವುದು ಮಾತ್ರ ಮೌನಗೌರಿ ಎಂದೇ. ಏನು ಕೇಳಿದರೂ ಹ್ಞೂಂ, ಇಲ್ಲವೇ ಉಹ್ಞೂಂ. ಬಂದ ದಿನದಿಂದ ನನಗೆ ಅನುಮಾನ. ಇಷ್ಟು ಸಾಧು ಹೆಂಗಸನ್ನು ಅಷ್ಟು ವರ್ಷ ಹುಚ್ಚಾಸ್ಪತ್ರೆಯಲ್ಲಿ ಬೀಗ ಹಾಕಿ ಸುಮ್ಮನೆ ಇಟ್ಟಿರುತ್ತಾರೆಯೇ? ಸಂಜೆಯಾದರೆ ದೊಡ್ಡ ಕತ್ತರಿ ನನ್ನ ಹಾಸಿಗೆಯಡಿ ಸೇರುತ್ತದೆ. ಅವಳಿಗೆ ಕೊಟ್ಟಿರುವುದು ಕಾಜಾ ಹೊಲಿಯುವ, ಗುಂಡಿ ಹಚ್ಚುವ ಕೆಲಸ ಅಷ್ಟೇ. ಕಾಜಾಗಳನ್ನು ಕಣ್ಣಿಗೊತ್ತಿಕೊಳ್ಳುವ ಹಾಗೆ ಹಾಕುತ್ತಾಳೆ. ನನಗೆ ಅದರ ಮೇಲೂ ಅನುಮಾನ.

ನಿನ್ನ ಸಿದ್ಧಾಂತ ನನಗೆ ಗೊತ್ತಿಲ್ಲದ್ದೇನಲ್ಲ. ಆ ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ನೀನೇ ರೋಗಿಗಳ ಬಟ್ಟೆ ತೊಟ್ಟು, ಬೀಗದ ಒಳಗೆ ಒಂದು ವಾರ ಮಲಗಿ ಬಂದೆ. ಬಂದವನು ಎಷ್ಟೋ ದಿನ ಮನೆಯ ಯಾವ ಬಾಗಿಲನ್ನೂ ಮುಚ್ಚಗೊಡಲಿಲ್ಲ, ಬಚ್ಚಲಿನದೂ ಸೇರಿ. ಆಮೇಲೆ ಸಂಕೋಲೆ ತೆಗೆಸಿದೆ, ವಾರ್ಡುಗಳ ಬೀಗ ಬಿಚ್ಚಿಸಿದೆ. "ಬೀಗದಿಂದ ಉದ್ಧಾರ ಆಗೋನು ಬೀಗ ಮಾರೋನು ಒಬ್ನೇ ಅಕ್ಕಾ" ಅಂದಿದ್ದೆ. ಇವನನ್ನೇ ಒಳಗೆ ಹಾಕಬೇಕು ಎಂದು ಜೊತೆಯ ಡಾಕ್ಟರುಗಳು ನಕ್ಕರು. ಈಗ ಹೊಸ ರಾಗ ತೆಗೆದಿದ್ದೀಯ: ಮನಸ್ಸು ಕೆಟ್ಟವರಿಗೆ ಬೇಕಾದದ್ದು ಒಂದು ಮನೆ, ಕೈಗೊಂದು ಕೆಲಸ, ಜಗಳವಾಡಲು ಒಂದು ಜೀವ. ಇರಲಿ, ಒಪ್ಪೋಣ. ಆದರೆ ಊರಲ್ಲಿ ಅಷ್ಟು ಮನೆಗಳಿರುವಾಗ ಮೊದಲ ಅತಿಥಿ ನಿನ್ನ ಅಕ್ಕನ ಮನೆಗೇ ಏಕೆ ಬಂದಳು? ನಿನ್ನ ಭಾವ ಹೋದ ಮೇಲೆ ನಾನು ಯಾರನ್ನೂ ಒಳಗೆ ಬಿಟ್ಟುಕೊಳ್ಳುತ್ತಿಲ್ಲ, ಗಿರಾಕಿಗಳ ಅಳತೆಯನ್ನೂ ಹೊಸ್ತಿಲಲ್ಲೇ ತೆಗೆಯುತ್ತೇನೆ ಎಂದು ಗೊಣಗಿದವನು ನೀನೇ. ಅವಳನ್ನು ನೋಡಿಕೊಳ್ಳಲು ನನ್ನನ್ನಿಟ್ಟೆಯೋ, ನನ್ನನ್ನು ನೋಡಿಕೊಳ್ಳಲು ಅವಳನ್ನೋ? ನಿನ್ನನ್ನು ಎತ್ತಿ ಆಡಿಸಿದವಳು ನಾನು, ನನ್ನ ಕಣ್ಣಿಗೇ ಮಣ್ಣೆರಚಬೇಡ.

ಮೊನ್ನೆ ಆಸ್ಪತ್ರೆಯ ಸಮಿತಿಯಿಂದ ಒಬ್ಬರು ಬಂದಿದ್ದರು. ನೀನಿಲ್ಲದ ಸಮಯ ನೋಡಿಯೇ ಬಂದಿದ್ದಾರೆ, ಬೇಕಾದರೆ ಬರೆದು ಕೊಡುತ್ತೇನೆ. ಅತಿಥಿಗೆ ಮನೆ ಒಗ್ಗಲಿಲ್ಲ ಎಂದು ಅವರಿಗೆ ಅನ್ನಿಸಿದರೆ ಅವಳು ಮತ್ತೆ ವಾರ್ಡಿಗೆ, ವಾರ್ಡಿನ ಬಾಗಿಲಿಗೆ ಮತ್ತೆ ಬೀಗ ಎಂದು ನೀನೇ ಎಚ್ಚರಿಸಿದ್ದೆ. ಅದಕ್ಕೇ ನಾನು ಹುಷಾರಾಗಿದ್ದೆ. ಯಾರು, ಯಾರು ಕಳಿಸಿದರು ಎಂದು ತಿರುಗಿಸಿ ಮುರುಗಿಸಿ ಕೇಳಿದೆ. ಅವರ ಹಿಂದೆ ಇನ್ಯಾರಾದರೂ ನಿಂತಿದ್ದಾರೋ ಎಂದು ಬೀದಿಗೆ ಇಣುಕಿದೆ. ಚೀಲವನ್ನು ಹೊರಗೇ ಇಡಿಸಿದೆ. ಅವರು ಕೂತ ಮೇಲೂ ಎದ್ದೆದ್ದು ಹೋಗಿ ಚಿಲಕ ನೋಡಿದೆ. ಮೌನಗೌರಿ ಕುರ್ಚಿ ಎಳೆದು ಕೊಟ್ಟಳು, ಕುಡಿಯಲು ನೀರು ತಂದಿಟ್ಟಳು, ಮತ್ತೆ ತನ್ನ ಕಾಜಾ ಹಿಡಿದು ಕೂತಳು. ಆ ಮಹಾನುಭಾವರು ನಮ್ಮಿಬ್ಬರನ್ನೂ ಒಂದಷ್ಟು ಹೊತ್ತು ನೋಡಿ ಎದ್ದು ಹೋದರು.

ಬೇಗ ಬಾ. ನಿನಗೆ ಒಳ್ಳೆಯದಾಗಲಿ, ನಿನ್ನ ಹುಚ್ಚು ಯೋಚನೆಗಳಿಗೂ.

ಇಂತಿ,
ನಿನ್ನ ಅಕ್ಕ

ವಿ.ಸೂ.: ಬರೆಯಬಾರದು ಎಂದುಕೊಂಡಿದ್ದೆ, ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಆ ಮನುಷ್ಯ ರೋಗಿ ಎಂದುಕೊಂಡದ್ದು ನನ್ನನ್ನು. ಹೋಗುವಾಗ ಮೌನಗೌರಿಯನ್ನು ಬಾಗಿಲ ಬಳಿ ಕರೆದು, ಇವರಿಗಿನ್ನೂ ವಾಸಿಯಾಗಿಲ್ಲವಲ್ಲ, ವಾಪಸ್ ಕರೆದುಕೊಂಡು ಹೋಗೋಣವೇ ಎಂದು ಮೆಲ್ಲಗೆ ಕೇಳಿದರು. ನಾನು ಬಾಗಿಲ ಹಿಂದೆಯೇ ನಿಂತು ಕೇಳಿಸಿಕೊಂಡೆ. ಅವಳು ಹೇಳಿದ್ದು ಇಷ್ಟು: "ಬೇಡ ಸಾರ್. ಅಲ್ಲಿ ಇವ್ರು ಒಂದಿನಾನೂ ತಡ್ಕೊಳಲ್ಲ. ಇಲ್ಲೇ ಇರ್ಲಿ, ನಾನು ನೋಡ್ಕೋತೀನಿ." ಇಷ್ಟು ತಿಂಗಳಲ್ಲಿ ಅವಳಿಂದ ಅಷ್ಟುದ್ದದ ಮಾತು ನಾನು ಕೇಳಿದ್ದು ಅದೇ ಮೊದಲು. ಅವರು ಒಪ್ಪಿ ಹೋದರು. ನಾನು ಅವರ ತಪ್ಪನ್ನು ತಿದ್ದಲಿಲ್ಲ, ನೀನೂ ಬಂದು ತಿದ್ದಬೇಡ. ನಾಳೆ ಸಮಿತಿಯವರು ಯಾರನ್ನಾದರೂ ವಾಪಸ್ ಕೇಳಿದರೆ ನಾನು ಹೋಗುತ್ತೇನೆ, ಅವಳು ಬೇಡ.