ಹನ್ನೊಂದನೆಯ ಪಾತ್ರೆ

ನ್ಯಾಮತಿ,
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ತಂಗಿ ಮಮತಾಗೆ,

ನಿನ್ನ ಅಕ್ಕ ಹೊನ್ನೂರಮ್ಮ ಮನಸಾರೆ ಮಾಡುವ ಆಶೀರ್ವಾದ. ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿರುತ್ತೀಯ, ನೀನು ಯಾವಾಗ ಚೆನ್ನಾಗಿಲ್ಲದೆ ಇದ್ದೆ? ಶ್ರಾವಣದಲ್ಲಿ ನಿನ್ನ ಹೊಸ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಬಂದವಳು ಒಂದು ಮಾತೂ ಆಡಿಲ್ಲ. ನೀನು ನಾಲ್ಕು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ತಪ್ಪಾಯಿತು. ನಿನ್ನ ದನಿ ಕೇಳಿದರೆ ಹೇಳಬೇಕಾದದ್ದನ್ನೆಲ್ಲ ನುಂಗಿಬಿಡುತ್ತೇನೆ, ಅದಕ್ಕೇ ಈ ಕಾಗದ. ನನ್ನ ಮಗ ಭೀಮೇಶ ನಾಳೆ ಜಗಳೂರಿಗೆ ತರುವ ರಟ್ಟಿನ ಡಬ್ಬಿಯಲ್ಲಿ ಇದನ್ನು ಇಡುತ್ತೇನೆ.

ಎಲ್ಲ ಶುರುವಾದದ್ದು ನಿಮ್ಮ ಭಾವನವರಿಂದ. ನಿನ್ನ ಮನೆಯಿಂದ ಬಂದ ಮೇಲೆ ವಾರವಿಡೀ ಒಂದೇ ಜಪ. ಬೇಳೆ ಡಬ್ಬಿಗಳ ಮೇಲೆ ಚೀಟಿ ಅಂಟಿಸಿದ್ದಾಳಂತೆ, ಬೀಗದ ಕೈಗಳು ಸಾಲಾಗಿ ಮೊಳೆಯ ಮೇಲಿವೆಯಂತೆ. ನಾನೂ ಅಲ್ಲೇ ಇದ್ದೆ, ನನಗೂ ಕಣ್ಣಿದೆ ಅನ್ನುವುದು ಅವರಿಗೆ ನೆನಪಿರಲಿಲ್ಲ. ಒಂದು ದಿನ ಊಟಕ್ಕೆ ಕೂತವರು ಅಂದರು: "ಮಮತಾ ಮನೇಲಿ ಕಣ್ಮುಚ್ಚಿ ಕೈ ಹಾಕಿದ್ರೂ ಕತ್ತರಿ ಸಿಗ್ತೈತೆ. ನಮ್ಮನೇಲಿ ಟಾರ್ಚ್ ಹಿಡಿದು ಹುಡುಕಿದ್ರೂ ನೀನೇ ಸಿಗಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ.

ಮಾರನೇ ದಿನವೇ ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಸೊಸೆ ಚೈತ್ರಶ್ರೀ ಮೊಬೈಲಿನಲ್ಲಿ ಏನೋ ನೋಡಿ, ಮೂರು ರಾಶಿ ಮಾಡೋಣ ಅತ್ತೆ ಅಂದಳು. ಇಟ್ಟುಕೊಳ್ಳುವುದು, ಕೊಡುವುದು, ಎಸೆಯುವುದು. ಮೊದಲ ದಿನ ನನ್ನದೆಲ್ಲ ಒಂದೇ ರಾಶಿಯಾಯಿತು. ಬಟ್ಟೆಯಿಲ್ಲದ ಛತ್ರಿ ಕಡ್ಡಿ, ಮಿಕ್ಸಿ ಸತ್ತ ಮೇಲೂ ಉಳಿದ ಮೂರು ಜಾರು, ಹತ್ತು ವರ್ಷದ ಕ್ಯಾಲೆಂಡರು, ಹಾಸಿಗೆ ಕೆಳಗೆ ಒತ್ತಿಟ್ಟ ಸೀರೆ ಅಂಗಡಿ ಚೀಲ. ಆ ಚೀಲಗಳೇ ಒಂದು ಗೋಣಿ ತುಂಬಿದವು. ಚೈತ್ರಶ್ರೀ ಒಳ್ಳೆಯವಳು, ಬೈಯಲಿಲ್ಲ. ನಾನು ಬಚ್ಚಲಿಗೆ ಹೋದಾಗ ಜಾರುಗಳನ್ನು ಗುಜರಿಯವನಿಗೆ ಹಾಕಿಬಿಟ್ಟಳು. ದೀಪಾವಳಿಯೊಳಗೆ ಮುಗಿಸಬೇಕೆಂದಿದ್ದೆ, ಅಟ್ಟಕ್ಕೆ ಕೈ ಹಾಕಿದ್ದು ಈ ವಾರ.

ನಿನಗೇ ಗೊತ್ತು, ಯಾರ ಮನೆಯ ಕಾರ್ಯವಾದರೂ ಪಾತ್ರೆಗಳು ಅದಲು ಬದಲಾಗುತ್ತವೆ. ಅದಕ್ಕೆ ಕೊರೆದ ಹೆಸರು ನೋಡಿ ಅವರವರಿಗೆ ಮುಟ್ಟಿಸೋಣ ಅಂತ ಸೊಸೆಯ ಲೆಕ್ಕ. ನಿರ್ಮಲಮ್ಮನ ಬೋಗುಣಿ ಹೋಯಿತು, ಮರುಳಸಿದ್ದಪ್ಪನವರ ಜಾಲರಿ ಸೌಟು ಹೋಯಿತು. ಆಮೇಲೆ ಅಟ್ಟದ ಮೂಲೆಯ ಚೀಲ ಬಿಚ್ಚಿದಳು. ಒಂದೊಂದನ್ನೇ ಬೆಳಕಿಗೆ ಹಿಡಿದು ಓದಿದಳು. ಎಲ್ಲದರ ಮೇಲೂ ಚುಕ್ಕಿ ಚುಕ್ಕಿಯಾಗಿ ಒಂದೇ ಹೆಸರು, ಮಮತಾ.

"ಅತ್ತೆ, ಇವೆಲ್ಲ ಜಗಳೂರು ಚಿಕ್ಕತ್ತೇರವು. ಇಷ್ಟು ವರ್ಷ ಆದ್ರೂ ಅವರಿಗೆ ವಾಪಸ್ ಕೊಟ್ಟೇ ಇಲ್ವಲ್ಲ" ಅಂದಳು.

ಪಾಪ, ಅವಳಿಗೇನು ಗೊತ್ತು. ನಿನಗೆ ಗೊತ್ತು. ತ್ಯಾವಣಿಗೆಯ ನಮ್ಮ ತವರಿಗೆ ನಿಮ್ಮ ಭಾವನವರು ಹೆಣ್ಣು ನೋಡಲು ಬಂದದ್ದು ನನ್ನನ್ನು. ತಟ್ಟೆ ಹಿಡಿದು ಕಾಫಿ ಕೊಟ್ಟವಳು ನೀನು. ಹುಡುಗನಿಗೆ ಕಿರಿಯವಳು ಹಿಡಿಸಿದ್ದಾಳೆ ಅಂತ ಮಾತು ಬಂತು. ಅಪ್ಪನಿಗೆ ಯಾವಾಗಲೂ ಅವಸರ, ಚನ್ನಗಿರಿಗೆ ಹೋಗಿ ಹನ್ನೊಂದು ಸ್ಟೀಲ್ ಪಾತ್ರೆ ಕೊಂಡು ನಿನ್ನ ಹೆಸರು ಕೊರೆಸಿಯೇ ತಂದರು. ನೀನು, ಅಕ್ಕನಿಗೆ ಮದುವೆ ಆಗದೆ ನಾನು ಆಗಲ್ಲ ಅಂತ ಎರಡು ದಿನ ಅನ್ನ ಬಿಟ್ಟು ಕೂತೆ. ಕೊನೆಗೆ ಅವರು ನನ್ನನ್ನೇ ಒಪ್ಪಿದರು. ಪಾತ್ರೆ ಬೇರೆ ಕೊಡಿಸಮ್ಮ ಅಂದಿದ್ದಕ್ಕೆ ಅಮ್ಮ, ಸ್ಟೀಲಿಗೇನು ಗೊತ್ತು ಯಾರ ಹೆಸರು ಅಂತ, ತಗೊಂಡು ಹೋಗು ಅಂದಳು. ಸ್ಟೀಲಿಗೆ ಗೊತ್ತಿಲ್ಲದಿರಬಹುದು. ಮೂವತ್ತೊಂದು ವರ್ಷದ ಹಿಂದೆ ತಂದಾಗಿನಿಂದ ಅವು ಅಟ್ಟ ಸೇರುವವರೆಗೂ ನಾನು ಪಾತ್ರೆ ಬೋರಲು ಹಾಕುವಾಗಲೆಲ್ಲ ನಿನ್ನ ಹೆಸರನ್ನು ಗೋಡೆ ಕಡೆ ತಿರುಗಿಸಿದ್ದೇನೆ.

ನೀನು ಅವರನ್ನು ನನಗಾಗಿ ಬಿಟ್ಟೆಯೋ, ಅವರು ನಿನಗೆ ಹಿಡಿಸದೆ ಬಿಟ್ಟೆಯೋ, ಇವತ್ತಿಗೂ ಕೇಳಿಲ್ಲ. ಮೊದಲನೆಯದಾದರೆ ನನ್ನ ಸಂಸಾರ ನೀನು ಕೊಟ್ಟ ಭಿಕ್ಷೆ. ಎರಡನೆಯದಾದರೆ ನೀನು ಬೇಡವೆಂದು ಎಲೆಯಲ್ಲಿ ಬಿಟ್ಟದ್ದು. ಎರಡೂ ನನಗೆ ಬೇಡ, ಹಾಗಾಗಿ ಉತ್ತರ ಬರೆಯಬೇಡ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿದೆ, ತಂಗಿ. ನೀನು ಕೆಟ್ಟವಳಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಿನ್ನ ಪಾತ್ರೆ ಕಳಿಸುತ್ತಿದ್ದೇನೆ. ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ, ಫಳಫಳ ಅನ್ನುತ್ತಿವೆ. ಚೀಟಿ ಅಂಟಿಸಿ ಎಲ್ಲಿ ಬೇಕಾದರೂ ಇಟ್ಟುಕೋ. ನಿನ್ನ ಮನೆ ತುಂಬಿರಲಿ, ಮಕ್ಕಳ ಕೈ ಮೇಲಾಗಲಿ, ನಿನ್ನ ಮಂಡಿನೋವು ವಾಸಿಯಾಗಲಿ. ಇದನ್ನಂತೂ ಹೊಟ್ಟೆಕಿಚ್ಚಿಲ್ಲದೆ ಬರೆಯುತ್ತಿದ್ದೇನೆ.

ನಿನ್ನ ಅಕ್ಕ,
ಹೊನ್ನೂರಮ್ಮ

ತಾ.ಕ.: ಎಣಿಸಿದರೆ ಹತ್ತೇ ಇರುತ್ತವೆ. ಹನ್ನೊಂದನೆಯದು ನಿಮ್ಮ ಭಾವನವರು ದಿನಾ ಬೆಳಿಗ್ಗೆ ನೀರು ಕುಡಿಯುವ ಚೊಂಬು. ಬೂದಿ ಹಾಕಿ ಉಜ್ಜೀ ಉಜ್ಜೀ ಅದರ ಹೆಸರು ಅರ್ಧ ಸವೆಸಿದ್ದೆ, ಅವರು ಅದನ್ನು ಗಮನಿಸಿಯೇ ಇಲ್ಲ ಅಂದುಕೊಂಡಿದ್ದೆ. ಉಳಿದ ಅರ್ಧ ಹೆಸರು ನೋಡಿ ಚೈತ್ರಶ್ರೀ ಅದನ್ನೂ ಡಬ್ಬಿಗೆ ಹಾಕಿದ್ದಳು. ಗುರುವಾರ ಬೆಳಿಗ್ಗೆ ಅವರು ನಡುಮನೆಯಲ್ಲಿ ಕೂತು ಡಬ್ಬಿಯನ್ನೆಲ್ಲ ಬಗೆದು ಅದೊಂದನ್ನು ಎತ್ತಿಕೊಂಡರು. ಅದು ಯಾರ ಹೆಸರಿನದು ಗೊತ್ತಾ ಅಂತ ಕೇಳಿದೆ.

"ಗೊತ್ತಿಲ್ದೆ ಏನು? ಮೊದಲಿಂದ್ಲೂ ಗೊತ್ತೈತೆ" ಅಂದರು, ಅಷ್ಟೇ.

ಶುಕ್ರವಾರ ಚೊಂಬನ್ನು ಹೊನ್ನಾಳಿಯ ಪಾತ್ರೆ ಅಂಗಡಿಗೆ ಒಯ್ದು ಹೆಸರು ಅಳಿಸಿಕೊಡಿ ಅಂದೆ. ಹಾಕಾಕೆ ಬರ್ತೈತೆ, ಅಳಿಸಾಕೆ ಬರಲ್ಲ ಕಣಮ್ಮ ಅಂದ ಕೊರೆಯುವವನು. ಹಾಗಾದರೆ ಇನ್ನೊಂದು ಮಗ್ಗುಲಿಗೆ ನನ್ನ ಹೆಸರು ಹಾಕು ಅಂದೆ. ಈಗ ಅದರಲ್ಲಿ ನಾವಿಬ್ಬರೂ ಇದ್ದೇವೆ. ಇವತ್ತು ಬೆಳಿಗ್ಗೆ ಅವರು ಯಾವ ಹೆಸರಿನ ಕಡೆ ಹಿಡಿದು ಕುಡಿಯುತ್ತಾರೆ ಅಂತ ಅಡುಗೆಮನೆ ಬಾಗಿಲಿಂದ ನೋಡಿದೆ. ಎರಡೂ ಕೈಯಿಂದ ಮುಚ್ಚಿ ಹಿಡಿದಿದ್ದರು, ಒಂದು ಹೆಸರೂ ಕಾಣಲಿಲ್ಲ. ನಾಳೆಯೂ ನೋಡುತ್ತೇನೆ.